ಪುರುಷನ ಸಂತಾನಶಕ್ತಿ ಮತ್ತು ನಮ್ಮ ದಿನನಿತ್ಯದ ಆಹಾರ

ಮದುವೆಯಾಗಿ ಎರಡು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ಕಟ್ಟುವ ಸೂಚನೆ ಕಾಣದಿದ್ದರೆ ನಮ್ಮ ಹಳ್ಳಿಗಳಲ್ಲಿ ಮುಂದೆ ನಡೆಯುವುದು ಹೆಚ್ಚುಕಡಿಮೆ ಒಂದೇ ಬಗೆಯಾಗಿರುತ್ತದೆ. ಸೊಸೆಯನ್ನು ಮೊದಲು ದೇವಸ್ಥಾನಕ್ಕೆ, ಅನಂತರ ನಾಟಿ ವೈದ್ಯರ ಬಳಿಗೆ, ಕೊನೆಗೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಮಗನಿಗೆ ರಾತ್ರಿಯ ಹಾಲಿನಲ್ಲಿ ನಾಲ್ಕು ಬಾದಾಮಿ ಅರೆದು ಕೊಟ್ಟರೆ ಅವನ ಪಾಲಿನ ಚಿಕಿತ್ಸೆ ಮುಗಿಯಿತೆಂದು ಹಿರಿಯರು ತಿಳಿಯುತ್ತಾರೆ. ಆದರೆ ಮಕ್ಕಳಾಗದ ದಂಪತಿಗಳಲ್ಲಿ ಇಬ್ಬರನ್ನೂ ಪರೀಕ್ಷಿಸಿ ನೋಡಿದಾಗ, ಸುಮಾರು ಅರ್ಧದಷ್ಟು ಪ್ರಸಂಗಗಳಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆ. ಕೆಲವೊಮ್ಮೆ ಅದೊಂದೇ ಕಾರಣ. ಕೆಲವೊಮ್ಮೆ ಪತ್ನಿಯ ಕಡೆಯ ಕಾರಣದೊಂದಿಗೆ ಅದು ಸೇರಿಕೊಂಡಿರುತ್ತದೆ.

ಕೆಲವು ವರ್ಷಗಳ ಹಿಂದೆ, ಮುಂಗಾರು ಆರಂಭವಾಗುವ ಹೊತ್ತಿನಲ್ಲಿ, ಒಬ್ಬ ರೈತರು ಪತ್ನಿಯೊಡನೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿದ್ದರು. ಮದುವೆಯಾಗಿ ಆರು ವರ್ಷವಾಗಿತ್ತು. ಆಕೆಯ ಚೀಲದಲ್ಲಿ ಪರೀಕ್ಷೆಯ ಕಾಗದಗಳ ಒಂದು ಕಟ್ಟೇ ಇತ್ತು. ಎಲ್ಲವೂ ಆಕೆಯವು, ಎಲ್ಲವೂ ಸರಿಯಾಗಿದ್ದವು. ಆತನದೆಂದು ಇದ್ದದ್ದು ಒಂದು ಸ್ಟೀಲ್ ಡಬ್ಬಿ ಮಾತ್ರ. ಅದರಲ್ಲಿ ಹೆದ್ದಾರಿಯ ಬದಿಯ ಡೇರೆಯೊಂದರಿಂದ ಕೊಂಡು ತಂದ ಕಂದುಬಣ್ಣದ ಪುಡಿ. ಆಕೆ ನನ್ನನ್ನು ಕೇಳಿದ ಪ್ರಶ್ನೆ ಇಷ್ಟೆ: “ಡಾಕ್ಟ್ರೇ, ನಮ್ಮ ಯಜಮಾನರಿಗೆ ಇನ್ನೇನು ತಿನ್ನಿಸಿದರೆ ಒಳ್ಳೆಯದು?”

ಈ ಪಾಠ ಹುಟ್ಟಿದ್ದು ಆ ಪ್ರಶ್ನೆಯಿಂದ. ಆ ದಂಪತಿಗಳ ವಿಚಾರವನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಆಹಾರಕ್ಕೂ ಪುರುಷನ ಸಂತಾನಶಕ್ತಿಗೂ ಇರುವ ಸಂಬಂಧವೇನು, ಆ ಸಂಬಂಧ ಎಲ್ಲಿಯವರೆಗೆ ಇದೆ ಎಂಬುದನ್ನು ನೀವಿಬ್ಬರೂ ಒಟ್ಟಿಗೆ ಕುಳಿತು ಓದಿ ತಿಳಿದುಕೊಳ್ಳಬೇಕು.

ವೀರ್ಯಾಣು ಹುಟ್ಟುವ ಬಗೆ

ವೀರ್ಯ ಬೇರೆ, ವೀರ್ಯಾಣು ಬೇರೆ. ವೀರ್ಯವೆಂದರೆ ಕಣ್ಣಿಗೆ ಕಾಣುವ ದ್ರವ. ಅದರ ಬಹುಪಾಲು ಶರೀರದೊಳಗಿನ ಕೆಲವು ಗ್ರಂಥಿಗಳಿಂದ ಒಸರುವ ರಸ. ಗರ್ಭ ನಿಲ್ಲಲು ಬೇಕಾದ ವೀರ್ಯಾಣುಗಳು ಆ ದ್ರವದಲ್ಲಿ ಈಜಾಡುತ್ತಿರುತ್ತವೆ; ಅವು ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುತ್ತವೆ. ಆದುದರಿಂದ ವೀರ್ಯ ಗಟ್ಟಿಯಾಗಿದೆಯೋ ತೆಳ್ಳಗಿದೆಯೋ ಎಂದು ನೋಡಿ ಸಂತಾನಶಕ್ತಿಯನ್ನು ಅಳೆಯಲು ಸಾಧ್ಯವಿಲ್ಲ. ದಾಂಪತ್ಯಸುಖದಲ್ಲಿ ಯಾವ ಕೊರತೆಯೂ ಇಲ್ಲದ, ಕಟ್ಟುಮಸ್ತಾದ ಆಳಿನ ವೀರ್ಯದಲ್ಲಿ ಒಂದು ವೀರ್ಯಾಣುವೂ ಇಲ್ಲದಿರಬಹುದು. ಹೆಚ್ಚಿನ ಗಂಡಸರು ಒಪ್ಪಲು ಹಿಂಜರಿಯುವ ಸಂಗತಿ ಇದೇ. ಪರೀಕ್ಷೆಯೆಂದರೆ ತಮ್ಮ ಪುರುಷತ್ವಕ್ಕೇ ಪರೀಕ್ಷೆಯೆಂದು ಅವರು ಭಾವಿಸುತ್ತಾರೆ. ಎರಡಕ್ಕೂ ಸಂಬಂಧವಿಲ್ಲ.

ಅನೇಕ ಹನಿ ರಕ್ತ ಸೇರಿ ಒಂದು ಹನಿ ವೀರ್ಯವಾಗುತ್ತದೆ, ಅದು ಹೋದರೆ ಶಕ್ತಿಯೇ ಹೋಯಿತು ಎಂಬ ಮಾತನ್ನು ನೀವು ಕೇಳಿರಬಹುದು. ಇದಕ್ಕೆ ಆಧಾರವಿಲ್ಲ. ನಿದ್ರೆಯಲ್ಲಿ ವೀರ್ಯ ಹೋಗುವುದೂ ರೋಗವಲ್ಲ. ಈ ಭಯವನ್ನೇ ಬಂಡವಾಳ ಮಾಡಿಕೊಂಡು ಪುಡಿ ಮಾರುವವರು ಬದುಕುತ್ತಾರೆ.

ವೀರ್ಯಾಣುಗಳು ತಯಾರಾಗುವುದು ವೃಷಣಗಳಲ್ಲಿ. ಒಂದು ವೀರ್ಯಾಣು ಮೊದಲಿನಿಂದ ಕೊನೆಯವರೆಗೆ ರೂಪುಗೊಳ್ಳಲು ಸುಮಾರು 74 ದಿನಗಳು ಬೇಕು. ಅನಂತರ ವೃಷಣದ ಹಿಂಭಾಗದ ಸುರುಳಿ ನಾಳದಲ್ಲಿ ಸಾಗುತ್ತ ಈಜುವ ಶಕ್ತಿ ಪಡೆಯಲು ಇನ್ನೂ ಹತ್ತು ಹದಿನೈದು ದಿನ ಹಿಡಿಯುತ್ತದೆ. ಒಟ್ಟಿನಲ್ಲಿ ಮೂರು ತಿಂಗಳು. ರಾಗಿ ಬಿತ್ತಿ ಕೊಯ್ಯುವಷ್ಟು ಕಾಲವೆಂದು ಇಟ್ಟುಕೊಳ್ಳಿ. ಈ ಲೆಕ್ಕವನ್ನು ಚೆನ್ನಾಗಿ ನೆನಪಿಡಬೇಕು. ಇಂದು ನೀವು ಊಟದಲ್ಲಿ ಮಾಡಿದ ಬದಲಾವಣೆಯ ಫಲ ನಾಳೆ ಕಾಣುವುದಿಲ್ಲ. ಮೂರು ತಿಂಗಳ ಮೇಲೆ ಕಂಡೀತು. ಹಾಗೆಯೇ, ಎರಡು ತಿಂಗಳ ಹಿಂದೆ ಬಂದ ವಿಷಮಶೀತಜ್ವರದ ಪರಿಣಾಮ ಇಂದಿನ ಪರೀಕ್ಷೆಯಲ್ಲಿ ಕಾಣಬಹುದು. “ಏಳು ದಿನದಲ್ಲಿ ಗುಣ” ಎಂದು ಹೇಳುವವನಿಗೆ ಶರೀರದ ಈ ಲೆಕ್ಕವೇ ತಿಳಿದಿಲ್ಲ.

ಇನ್ನೊಂದು ಸಂಗತಿ. ವೃಷಣಗಳು ಹೊಟ್ಟೆಯೊಳಗಿರದೆ ಹೊರಗೆ ಚೀಲದಲ್ಲಿ ತೂಗುತ್ತಿರುವುದು ಸುಮ್ಮನೆ ಅಲ್ಲ. ವೀರ್ಯಾಣು ತಯಾರಾಗಬೇಕಾದರೆ ಅಲ್ಲಿನ ಉಷ್ಣತೆ ಶರೀರದ ಉಷ್ಣತೆಗಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆ ಇರಬೇಕು. ಈ ವಿಚಾರಕ್ಕೆ ಮತ್ತೆ ಬರುತ್ತೇನೆ.

ಸತುವಿನ ಕಥೆ

ಆಹಾರದ ಕೊರತೆಯಿಂದ ಪುರುಷತ್ವದ ಬೆಳವಣಿಗೆಯೇ ನಿಂತುಹೋಗಬಹುದೆಂದು ವೈದ್ಯಲೋಕಕ್ಕೆ ಮೊದಲು ತಿಳಿದದ್ದು ಇರಾನ್ ದೇಶದ ಹಳ್ಳಿಗಳಿಂದ. ಬಿಹಾರದಲ್ಲಿ ಹುಟ್ಟಿ, ಅಮೆರಿಕದಲ್ಲಿ ತರಬೇತಿ ಪಡೆದ ಡಾ. ಆನಂದ ಪ್ರಸಾದ್ ಎಂಬ ವೈದ್ಯರು 1958ರಲ್ಲಿ ಅಲ್ಲಿನ ಶಿರಾಜ್ ನಗರದಲ್ಲಿ ಕೆಲಸಕ್ಕೆ ಸೇರಿದರು. ಅವರ ಮುಂದೆ ಬಂದ ಒಬ್ಬ ರೋಗಿಗೆ 21 ವರ್ಷ. ನೋಡಲು ಹತ್ತು ವರ್ಷದ ಹುಡುಗನಂತಿದ್ದ. ಮೀಸೆ ಗಡ್ಡ ಮೂಡಿರಲಿಲ್ಲ, ಜನನಾಂಗಗಳು ಬೆಳೆದಿರಲಿಲ್ಲ, ರಕ್ತವೂ ತೀರ ಕಡಿಮೆಯಾಗಿತ್ತು. ಅಂಥವರು ಆ ಸೀಮೆಯಲ್ಲಿ ಅನೇಕರಿದ್ದರು. ಅವರ ಊಟವೆಂದರೆ ಹುಳಿ ಬರಿಸದ ಗೋಧಿ ಹಿಟ್ಟಿನ ರೊಟ್ಟಿ, ಮಾಂಸ ಅಪರೂಪ, ಮಣ್ಣು ತಿನ್ನುವ ಅಭ್ಯಾಸವೂ ಇತ್ತು. ಕೆಲವು ವರ್ಷಗಳ ಅನಂತರ, 1963ರ ಸುಮಾರಿಗೆ, ಈಜಿಪ್ಟಿನಲ್ಲಿ ಇಂಥದೇ ಯುವಕರನ್ನು ಪರೀಕ್ಷಿಸಿದಾಗ ಅವರ ಶರೀರದಲ್ಲಿ ಸತುವಿನ ಅಂಶ ಕಡಿಮೆಯಾಗಿರುವುದು ಖಚಿತವಾಯಿತು. ಸತುವನ್ನು ಔಷಧವಾಗಿ ಕೊಟ್ಟಾಗ ಅವರು ಎತ್ತರ ಬೆಳೆದರು, ಪ್ರಾಯದ ಲಕ್ಷಣಗಳು ಮೂಡಿದವು.

ಮುಂದೆ 1980ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಐವರು ಆರೋಗ್ಯವಂತ ಪುರುಷರು ಸ್ವಇಚ್ಛೆಯಿಂದ ಸತು ಕಡಿಮೆಯಿರುವ ಆಹಾರವನ್ನು ಸೇವಿಸಿದರು. ಅವರ ವೀರ್ಯಾಣುಗಳ ಸಂಖ್ಯೆ ಇಳಿಯಿತು. ಸತುವನ್ನು ಮತ್ತೆ ಕೊಡಲಾರಂಭಿಸಿದ ಮೇಲೆ, ಹಲವು ತಿಂಗಳ ಅವಧಿಯಲ್ಲಿ, ಅದು ಮೊದಲಿನ ಮಟ್ಟಕ್ಕೆ ಬಂತು.

ರೊಟ್ಟಿಯಲ್ಲಿ ಸತು ಇರಲಿಲ್ಲವೇ? ಇತ್ತು. ಆದರೆ ಇಡೀ ಧಾನ್ಯ, ಬೇಳೆಕಾಳುಗಳ ಸಿಪ್ಪೆಯಲ್ಲಿ ಫೈಟೇಟ್ ಎಂಬ ವಸ್ತುವಿರುತ್ತದೆ. ಅದು ಸತುವನ್ನೂ ಕಬ್ಬಿಣವನ್ನೂ ಗಟ್ಟಿಯಾಗಿ ಹಿಡಿದುಕೊಂಡು ಕರುಳು ಹೀರದಂತೆ ಮಾಡುತ್ತದೆ. ನಮ್ಮ ಮುದ್ದೆಗೂ ಜೋಳದ ರೊಟ್ಟಿಗೂ ಈ ಮಾತು ಅನ್ವಯಿಸುತ್ತದೆ. ಹಾಗೆಂದು ಅವನ್ನು ಬಿಟ್ಟು ಬಿಳಿ ಅನ್ನಕ್ಕೆ ತಿರುಗುವುದು ಜಾಣತನವಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು ಎರಡೂವರೆ ಮಿಲಿಗ್ರಾಂ ಸತುವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಅರ್ಧದಷ್ಟು ಮಾತ್ರ ಇದೆ. ಉಪಾಯ ಬೇರೆಯೇ ಇದೆ, ಅದು ನಿಮ್ಮ ಅಡುಗೆಮನೆಯಲ್ಲಿಯೇ ಇದೆ. ಕಾಳನ್ನು ನೆನೆಸಿ ಮೊಳಕೆ ಬರಿಸಿದಾಗ, ಹಿಟ್ಟನ್ನು ಹುದುಗಿಸಿದಾಗ ಫೈಟೇಟ್ ಒಡೆಯುತ್ತದೆ. ಹುರುಳಿ, ಹೆಸರು, ಅಲಸಂದೆ, ಕಡಲೆಗಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮಾರನೆಯ ದಿನಕ್ಕೆ ಮೊಳಕೆ ಇಣುಕುತ್ತದೆ. ಅದರಿಂದ ಸಾರು ಮಾಡಿ, ಉಸಲಿ ಮಾಡಿ. ಹೇಗೆ ಮಾಡಿದರೂ ಆದೀತು. ಮೊಳಕೆ ಬರಿಸಿದ ರಾಗಿಯ ಹಿಟ್ಟು, ಹುಳಿಬಂದ ಅಂಬಲಿ, ಇಡ್ಲಿ, ದೋಸೆ ಇವೆಲ್ಲಕ್ಕೂ ಇದೇ ಗುಣವಿದೆ. ನಮ್ಮ ಅಜ್ಜಿಯರು ಮೊಳಕೆ ಹುರುಳಿಯ ಬಸ್ಸಾರಿನೊಡನೆ ಮುದ್ದೆ ಬಡಿಸುತ್ತಿದ್ದಾಗ ಅವರಿಗೆ ಸತುವಿನ ಹೆಸರು ಗೊತ್ತಿರಲಿಲ್ಲ. ಆದರೆ ಮಾಡುತ್ತಿದ್ದುದು ಸರಿಯಾಗಿತ್ತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಸೂಚಿಸಿದಂತೆ ವಯಸ್ಕ ಪುರುಷನಿಗೆ ದಿನಕ್ಕೆ 17 ಮಿಲಿಗ್ರಾಂ ಸತು ಬೇಕು. ಬರಿಯ ಮುದ್ದೆಯಿಂದ ಇದು ಪೂರೈಸುವುದಿಲ್ಲ. ಎಳ್ಳಿನಲ್ಲಿಯೂ ಸಿಹಿಗುಂಬಳದ ಬೀಜದಲ್ಲಿಯೂ 100 ಗ್ರಾಮಿಗೆ ಏಳೆಂಟು ಮಿಲಿಗ್ರಾಂ ಸತುವಿದೆ. ಕುಂಬಳಕಾಯಿ ಹೆಚ್ಚಿದಾಗ ಬೀಜವನ್ನು ತಿಪ್ಪೆಗೆ ಎಸೆಯದೆ ತೊಳೆದು, ಒಣಗಿಸಿ, ಹುರಿದು ಇಟ್ಟುಕೊಂಡರೆ ಹಣ ಖರ್ಚಿಲ್ಲದ ಆಹಾರವಾಗುತ್ತದೆ. ಎಳ್ಳಿನ ಚಿಗಳಿಯನ್ನು ಸಂಕ್ರಾಂತಿಗೆ ಮಾತ್ರ ಮೀಸಲಿಡಬೇಕಾಗಿಲ್ಲ. ಮಾಂಸ, ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ; ಅವುಗಳಲ್ಲಿರುವ ಸತುವನ್ನು ಕರುಳು ಬೇಗ ಹೀರಿಕೊಳ್ಳುತ್ತದೆ.

ಎಣ್ಣೆಕಾಳು, ಹಣ್ಣು, ಸೊಪ್ಪು, ಮೀನು

ವೀರ್ಯಾಣುವಿನ ಹೊರಪದರವು ಕೊಬ್ಬಿನ ಅಂಶದಿಂದ ಆಗಿದೆ. ತುಪ್ಪ, ಎಣ್ಣೆ ಹಳತಾದರೆ ಕಮಟು ಹಿಡಿಯುವಂತೆ ಈ ಪದರವೂ ಶರೀರದೊಳಗೇ ಕೆಡಬಹುದು. ಆಗ ವೀರ್ಯಾಣು ಚುರುಕಾಗಿ ಈಜಲಾರದು. ಇದನ್ನು ತಡೆಯುವ ಕೆಲಸದಲ್ಲಿ ‘ಸಿ’ ಮತ್ತು ‘ಇ’ ಜೀವಸತ್ವಗಳು ನೆರವಾಗುತ್ತವೆ. ‘ಸಿ’ ಜೀವಸತ್ವಕ್ಕಾಗಿ ಪೇಟೆಯಿಂದ ಕಿತ್ತಳೆ ತರಬೇಕಾಗಿಲ್ಲ. ಹಿತ್ತಿಲಿನ ಸೀಬೆಹಣ್ಣಿನಲ್ಲಿ ತೂಕಕ್ಕೆ ತೂಕ ಕಿತ್ತಳೆಯ ನಾಲ್ಕು ಪಟ್ಟಿಗಿಂತ ಹೆಚ್ಚು ‘ಸಿ’ ಜೀವಸತ್ವವಿದೆ. ನೆಲ್ಲಿಕಾಯಿಯೂ ಅದಕ್ಕೆ ಕಡಿಮೆಯಿಲ್ಲ. ‘ಇ’ ಜೀವಸತ್ವ ಕಡಲೆಕಾಯಿಯಲ್ಲಿ, ಸೂರ್ಯಕಾಂತಿ ಬೀಜದಲ್ಲಿ ಇದೆ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 117 ಆರೋಗ್ಯವಂತ ಯುವಕರ ಮೇಲೆ ಒಂದು ಪ್ರಯೋಗ ನಡೆಯಿತು. ಅದರ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನ ಹನ್ನೆರಡು ವಾರ ದಿನಕ್ಕೆ 75 ಗ್ರಾಂ ಅಕ್ರೋಟು ತಿಂದರು. ಅವರ ವೀರ್ಯಾಣುಗಳ ಚಲನೆ, ಆಕಾರ ಎರಡೂ ಸುಧಾರಿಸಿದವು. ಸ್ಪೇನಿನಲ್ಲಿ ಬಾದಾಮಿ, ಅಕ್ರೋಟು ಮುಂತಾದುವನ್ನು ಬೆರೆಸಿ ದಿನಕ್ಕೆ 60 ಗ್ರಾಮಿನಂತೆ ಹದಿನಾಲ್ಕು ವಾರ ಕೊಟ್ಟಾಗಲೂ ಇಂಥದೇ ಫಲ ಕಂಡುಬಂತು. ಆದರೆ ಇವರು ಮಕ್ಕಳಿಲ್ಲದೆ ಬಂದ ರೋಗಿಗಳಲ್ಲ, ಆರೋಗ್ಯವಂತರು. ಅವರಿಗೆ ಮಕ್ಕಳಾದವೇ ಎಂಬುದನ್ನು ಆ ಪ್ರಯೋಗಗಳು ಅಳೆಯಲಿಲ್ಲ. ಇಷ್ಟು ದುಬಾರಿ ಪದಾರ್ಥವನ್ನು ಸಾಲ ಮಾಡಿ ತರಿಸಬೇಡಿ ಎಂದೇ ನನ್ನ ಸಲಹೆ. ಒಂದು ಹಿಡಿ ಕಡಲೆಕಾಯಿ, ಊಟದ ಜೊತೆ ಅಗಸೆ ಅಥವಾ ಗುರೆಳ್ಳಿನ ಚಟ್ನಿಪುಡಿ, ಕರಾವಳಿಯವರಾದರೆ ಬಂಗುಡೆ, ಬೂತಾಯಿ ಮೀನು ನಮಗೆ ಸಾಕು. ಬೂಷ್ಟು ಹಿಡಿದ ಕಡಲೆಕಾಯಿಯನ್ನು ಮಾತ್ರ ಎಸೆದುಬಿಡಿ. ಅದರಲ್ಲಿ ಯಕೃತ್ತಿಗೆ ಕೇಡುಮಾಡುವ ವಿಷವಿರಬಹುದು.

ನುಗ್ಗೆಕಾಯಿಯ ಬಗ್ಗೆ ಕೇಳದೆ ಯಾರೂ ಎದ್ದು ಹೋಗುವುದಿಲ್ಲ, ನಗುತ್ತಲಾದರೂ ಕೇಳುತ್ತಾರೆ. ನುಗ್ಗೆ ಒಳ್ಳೆಯ ತರಕಾರಿ. ಅದರ ಸೊಪ್ಪು ಕಾಯಿಗಿಂತಲೂ ಉತ್ತಮ. ದಂಟು, ಮೆಂತ್ಯ, ಹೊನಗೊನ್ನೆಗಳಂತೆ ಅದರಲ್ಲಿಯೂ ಕಬ್ಬಿಣ, ಫೋಲಿಕ್ ಆಮ್ಲ, ‘ಎ’ ಜೀವಸತ್ವದ ಮೂಲವಸ್ತು ಎಲ್ಲವೂ ಇವೆ. ಗಂಡನಿಗೆ ಎಷ್ಟೋ ಹೆಂಡತಿಗೂ ಅಷ್ಟೇ ಬೇಕಾದದ್ದು. ಹೆಚ್ಚಿನ ಮಹಿಮೆಯನ್ನು ಅದಕ್ಕೆ ಹೊರಿಸಬೇಡಿ.

ಮಾತ್ರೆ ಮತ್ತು ಪುಡಿ

ಆಹಾರದಲ್ಲಿರುವುದು ಒಳ್ಳೆಯದಾದರೆ ಅದನ್ನೇ ಮಾತ್ರೆಯಾಗಿ ನುಂಗಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ಇದನ್ನೂ ಪರೀಕ್ಷಿಸಿ ನೋಡಿದ್ದಾರೆ. ಮಕ್ಕಳಿಗಾಗಿ ಚಿಕಿತ್ಸೆಗೆ ಬಂದ 2370 ದಂಪತಿಗಳಲ್ಲಿ ಅರ್ಧದಷ್ಟು ಪುರುಷರಿಗೆ ಆರು ತಿಂಗಳು ಸತು ಮತ್ತು ಫೋಲಿಕ್ ಆಮ್ಲದ ಮಾತ್ರೆ, ಉಳಿದವರಿಗೆ ಅದೇ ರೂಪದ ಹುಸಿಮಾತ್ರೆ ಕೊಟ್ಟ ಅಮೆರಿಕದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಮಗು ಹುಟ್ಟಿದ ಪ್ರಮಾಣ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ: ನೂರಕ್ಕೆ 34 ಮತ್ತು 35. ವೀರ್ಯಾಣುಗಳ ಸಂಖ್ಯೆಯಲ್ಲಿಯೂ ವ್ಯತ್ಯಾಸವಾಗಲಿಲ್ಲ. ಕೊರತೆಯಿದ್ದವನಿಗೆ ಸತು ಕೊಟ್ಟರೆ ಫಲವಿದೆ. ಕೊರತೆಯಿಲ್ಲದವನಿಗೆ ಮೇಲೆ ಸುರಿದರೆ ಇಲ್ಲ. ತುಂಬಿದ ಕೆರೆಗೆ ನೀರು ಬಿಟ್ಟರೆ ಅದು ಕೋಡಿ ಹರಿದು ಹೋಗುತ್ತದೆ.

ನಸುಗುನ್ನಿ ಬೀಜ, ಅಶ್ವಗಂಧ ಮೊದಲಾದ ಮೂಲಿಕೆಗಳಿಂದ ವೀರ್ಯಾಣುಗಳ ಸಂಖ್ಯೆ ಏರಿತೆಂದು ನಮ್ಮ ದೇಶದ ಕೆಲವು ಸಣ್ಣ ಅಧ್ಯಯನಗಳು ಹೇಳಿವೆ. ಅವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅವುಗಳಲ್ಲಿ ಭಾಗವಹಿಸಿದ ಜನ ಕಡಿಮೆ. ಅಶ್ವಗಂಧದಿಂದ ಕೆಲವರ ಯಕೃತ್ತಿಗೆ ತೊಂದರೆಯಾದ ವರದಿಗಳೂ ಇವೆ. ಬೇಕೆನಿಸಿದರೆ ಸರ್ಕಾರಿ ಆಯುರ್ವೇದ ಆಸ್ಪತ್ರೆಯ ವೈದ್ಯರನ್ನು ಕಂಡು, ಅವರು ಹೇಳಿದ ಪ್ರಮಾಣದಲ್ಲಿ ಸೇವಿಸಿ. ರಸ್ತೆ ಬದಿಯ ಡೇರೆಯ ಪುಡಿಯ ವಿಚಾರ ಬೇರೆ. ಅಂಥ ಪುಡಿಗಳಲ್ಲಿ ಸೀಸ, ಪಾದರಸದಂಥ ಲೋಹಗಳೂ, ಹೆಸರು ಹೇಳದೆ ಬೆರೆಸಿದ ಅಲೋಪತಿ ಔಷಧಗಳೂ ಪತ್ತೆಯಾಗಿರುವುದುಂಟು. ಲೈಂಗಿಕ ಶಕ್ತಿ ಹೆಚ್ಚಿಸುವುದಾಗಿ ಔಷಧದ ಜಾಹೀರಾತು ನೀಡುವುದನ್ನು 1954ರ ಕಾಯಿದೆಯೊಂದು ನಿಷೇಧಿಸಿದೆ. ಗೋಡೆಗಳ ಮೇಲೆ ಆ ಬರಹಗಳು ಇನ್ನೂ ಇವೆಯೆಂದರೆ ಅವು ಸಕ್ರಮವೆಂದು ಅರ್ಥವಲ್ಲ. ಮೈಕಟ್ಟು ಬೆಳೆಸಲೆಂದು ಪಟ್ಟಣದ ವ್ಯಾಯಾಮಶಾಲೆಗಳಲ್ಲಿ ಹಾಕಿಸಿಕೊಳ್ಳುವ ಟೆಸ್ಟೋಸ್ಟೆರೋನ್ ಚುಚ್ಚುಮದ್ದು ಇನ್ನೂ ಅಪಾಯಕಾರಿ. ಹೊರಗಿನಿಂದ ಆ ರಸ ಬಂದೊಡನೆ ಮೆದುಳು ವೃಷಣಗಳಿಗೆ ಕಳುಹಿಸುವ ಸೂಚನೆಯನ್ನು ನಿಲ್ಲಿಸುತ್ತದೆ. ವೀರ್ಯಾಣುಗಳ ಉತ್ಪಾದನೆ ಇಳಿದು, ಕೆಲವರಲ್ಲಿ ಸೊನ್ನೆಗೇ ಬರುತ್ತದೆ.

ಕೆಡಿಸುವ ಪದಾರ್ಥಗಳು

‘ನೈಸರ್ಗಿಕ’ ಎಂದ ಮಾತ್ರಕ್ಕೆ ಎಲ್ಲವೂ ಹಿತವಲ್ಲ. ಇದಕ್ಕೆ ಹತ್ತಿಬೀಜಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಚೀನಾದ ಕೆಲವು ಹಳ್ಳಿಗಳಲ್ಲಿ ಹತ್ತಿಬೀಜವನ್ನು ಹಸಿಯಾಗಿಯೇ ಗಾಣಕ್ಕೆ ಹಾಕಿ, ಶುದ್ಧೀಕರಿಸದ ಎಣ್ಣೆಯಲ್ಲಿ ಅಡುಗೆ ಮಾಡುತ್ತಿದ್ದರು. ಅಲ್ಲಿ ಮಕ್ಕಳು ಹುಟ್ಟುವುದೇ ಕಡಿಮೆಯಾದದ್ದು 1950ರ ದಶಕದಲ್ಲಿ ವೈದ್ಯರ ಗಮನಕ್ಕೆ ಬಂತು. ಕಾರಣ ಹತ್ತಿಬೀಜದಲ್ಲಿರುವ ಗಾಸಿಪಾಲ್ ಎಂಬ ಹಳದಿ ವಸ್ತು. ಅದು ವೀರ್ಯಾಣುಗಳ ಉತ್ಪಾದನೆಯನ್ನು ತಡೆಯುತ್ತದೆ. ಇದನ್ನೇ ಗಂಡಸರ ಗರ್ಭನಿರೋಧಕ ಮಾತ್ರೆಯಾಗಿ ಬಳಸಬಹುದೇ ಎಂದು 1970ರ ದಶಕದಲ್ಲಿ ಚೀನಾದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಪುರುಷರ ಮೇಲೆ ಪ್ರಯೋಗಿಸಿದರು. ವೀರ್ಯಾಣುಗಳೇನೋ ಇಳಿದವು. ಆದರೆ ಕೆಲವರ ರಕ್ತದಲ್ಲಿ ಪೊಟಾಸಿಯಂ ಕುಸಿದು ಕೈಕಾಲು ಸೋತುಹೋದವು. ಮಾತ್ರೆ ಬಿಟ್ಟ ಮೇಲೂ ಹಲವರಿಗೆ ಸಂತಾನಶಕ್ತಿ ಮರಳಲಿಲ್ಲ. 1980ರ ದಶಕದ ಕೊನೆಯ ಹೊತ್ತಿಗೆ ಆ ಪ್ರಯತ್ನವನ್ನು ಕೈಬಿಡಲಾಯಿತು.

ಹಾವೇರಿ, ಧಾರವಾಡ, ರಾಯಚೂರು ಸೀಮೆಯ ಹತ್ತಿ ಬೆಳೆಗಾರರು ಹೆದರಬೇಕಾಗಿಲ್ಲ. ಕಾರ್ಖಾನೆಯಲ್ಲಿ ಶುದ್ಧೀಕರಿಸಿದ ಹತ್ತಿಬೀಜದ ಎಣ್ಣೆಯಲ್ಲಿ ಈ ವಸ್ತುವನ್ನು ತೆಗೆದಿರುತ್ತಾರೆ. ದನಗಳಿಗೆ ಹಾಕುವ ಹತ್ತಿಕಾಳಿನ ಹಸಿ ಎಣ್ಣೆಯನ್ನು ಅಡುಗೆಗೆ ಬಳಸಬಾರದು, ಅಷ್ಟೆ. ಪರಂಗಿಹಣ್ಣಿನ ಬಗ್ಗೆಯೂ ಕೇಳುತ್ತಾರೆ. ಅದರ ಬೀಜದ ಸಾರವನ್ನು ಪ್ರಾಣಿಗಳಿಗೆ ಕೊಟ್ಟಾಗ ವೀರ್ಯಾಣುಗಳು ಕಡಿಮೆಯಾದದ್ದು ಕಂಡುಬಂದಿದೆ. ಹಣ್ಣಿನ ತಿರುಳನ್ನು ಗಂಡಸರು ಧಾರಾಳವಾಗಿ ತಿನ್ನಬಹುದು.

ಹತ್ತಿಬೀಜಕ್ಕಿಂತ ನಮ್ಮಲ್ಲಿ ಹೆಚ್ಚು ಕೆಲಸ ಕೆಡಿಸುತ್ತಿರುವುದು ಬೀಡಿ, ಗುಟ್ಕಾ, ಎಲೆಯಡಿಕೆಯ ಜೊತೆಯ ಹೊಗೆಸೊಪ್ಪು ಮತ್ತು ಹೆಂಡ. ಹೊಗೆಸೊಪ್ಪು ಸೇದಿದರೂ ಅಗಿದರೂ ವೀರ್ಯಾಣುಗಳ ಸಂಖ್ಯೆ, ಚಲನೆ ಎರಡೂ ಕುಗ್ಗುತ್ತವೆ. ದಿನವೂ ಹೆಚ್ಚು ಕುಡಿಯುವವನಲ್ಲಿ ಯಕೃತ್ತೂ ಕೆಡುತ್ತದೆ, ಟೆಸ್ಟೋಸ್ಟೆರೋನ್ ಕೂಡ ಇಳಿಯುತ್ತದೆ. ಬೆಳಿಗ್ಗೆ ಬಾದಾಮಿ ಹಾಲು, ಸಂಜೆ ಒಂದು ಕ್ವಾರ್ಟರ್ ಎನ್ನುವವರಿಗೆ ಹಾಲಿನ ಹಣವೂ ದಂಡ. ಔಷಧ ಸಿಂಪಡಿಸುವ ರೈತರು ಕೈಮುಖ ಸೋಪಿನಿಂದ ತೊಳೆದುಕೊಂಡು, ಬಟ್ಟೆ ಬದಲಿಸಿ ಊಟಕ್ಕೆ ಕುಳಿತುಕೊಳ್ಳಬೇಕು. 1977ರಲ್ಲಿ ಅಮೆರಿಕದ ಕಾರ್ಖಾನೆಯೊಂದರಲ್ಲಿ ಮಣ್ಣಿನ ಜಂತುಹುಳು ಕೊಲ್ಲುವ ಔಷಧ ತಯಾರಿಸುತ್ತಿದ್ದ ಕಾರ್ಮಿಕರು ತಮಗೆ ಮಕ್ಕಳಾಗುತ್ತಿಲ್ಲವೆಂದು ಊಟದ ಬಿಡುವಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು, ಪರೀಕ್ಷೆ ಮಾಡಿಸಿದಾಗ, ಅನೇಕರಲ್ಲಿ ವೀರ್ಯಾಣುಗಳೇ ಇರಲಿಲ್ಲ.

ನಮ್ಮ ಆಸ್ಪತ್ರೆಗೆ ಬಂದ ಆಲೆಮನೆಯ ಕೆಲಸಗಾರರೊಬ್ಬರ ಎಣಿಕೆ ತೀರ ಕೆಳಗಿತ್ತು. ವರ್ಷದಲ್ಲಿ ಎಂಟು ತಿಂಗಳು ಕೊಪ್ಪರಿಗೆಯ ಬೆಂಕಿಯ ಮುಂದೆ ಕೆಲಸ, ಬಾಯಿಯಲ್ಲಿ ಸದಾ ಹೊಗೆಸೊಪ್ಪು, ವಾರಕ್ಕೆ ಮೂರು ನಾಲ್ಕು ಸಲ ಕುಡಿತ. ಅವರು ಒಲೆಯ ಕೆಲಸ ಬಿಟ್ಟು ಕಬ್ಬು ಅರೆಯುವ ಕಡೆಗೆ ಬದಲಾಯಿಸಿಕೊಂಡರು, ಹೊಗೆಸೊಪ್ಪನ್ನೂ ಕುಡಿತವನ್ನೂ ಬಿಟ್ಟರು, ಊಟದಲ್ಲಿ ಕಾಳು ಸೊಪ್ಪು ಸೇರಿಸಿದರು. ನಾಲ್ಕು ತಿಂಗಳ ಮೇಲೆ ಎಣಿಕೆ ಏರಿತು, ಮರುವರ್ಷ ಹೆಣ್ಣುಮಗುವಾಯಿತು. ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿತೆಂದು ನಾನು ಹೇಳಲಾರೆ. ಸೊಪ್ಪಿನಿಂದಲೇ ಆಯಿತೆಂದು ಅವರ ತಾಯಿ ಊರೆಲ್ಲ ಹೇಳಿಕೊಂಡು ಬಂದರು.

ಆಹಾರಕ್ಕೆ ನಿಲುಕದ್ದು

ಈಗ ಮೊದಲು ಹೇಳಿದ ದಂಪತಿಗಳ ವಿಚಾರ. ಪತಿಯನ್ನು ಪರದೆಯ ಹಿಂದೆ ಕರೆದು ಪರೀಕ್ಷಿಸಿದೆ. ಎರಡು ನಿಮಿಷ ಸಾಕಾಯಿತು. ಚೀಲದಲ್ಲಿ ವೃಷಣಗಳು ಇರಲಿಲ್ಲ. ಗಂಡುಮಗು ಗರ್ಭದಲ್ಲಿರುವಾಗ ವೃಷಣಗಳು ಹೊಟ್ಟೆಯೊಳಗೆ ರೂಪುಗೊಂಡು, ಹುಟ್ಟುವ ಹೊತ್ತಿಗೆ ಕೆಳಗಿಳಿದು ಚೀಲ ಸೇರುತ್ತವೆ. ಇವರಲ್ಲಿ ಎರಡೂ ಇಳಿದಿರಲಿಲ್ಲ. ಚಿಕ್ಕಂದಿನಲ್ಲಿ ಯಾರೂ ನೋಡಿರಲಿಲ್ಲ, ನೋಡಿದ್ದರೂ ಹೇಳಿರಲಿಲ್ಲ. ಮೂವತ್ತನಾಲ್ಕು ವರ್ಷ ಶರೀರದ ಒಳಗಿನ ಶಾಖದಲ್ಲಿಯೇ ಉಳಿದ ವೃಷಣಗಳು ವೀರ್ಯಾಣುಗಳನ್ನು ತಯಾರಿಸುವ ಶಕ್ತಿಯನ್ನು ಕಳೆದುಕೊಂಡಿದ್ದವು. ಎರಡು ಬಾರಿ ನಡೆಸಿದ ವೀರ್ಯಪರೀಕ್ಷೆಯಲ್ಲಿಯೂ ವೀರ್ಯಾಣುಗಳ ಎಣಿಕೆ ಸೊನ್ನೆ. ಮೀಸೆ, ಗಂಟಲು, ದಾಂಪತ್ಯ ಯಾವುದರಲ್ಲಿಯೂ ಕೊರತೆಯಿರಲಿಲ್ಲವಾದುದರಿಂದ ಆತನಿಗೆ ಅನುಮಾನವೇ ಬಂದಿರಲಿಲ್ಲ.

ಆರು ವರ್ಷಗಳಲ್ಲಿ ಈ ಮನೆಯವರು ಬಾದಾಮಿ, ಖರ್ಜೂರ, ನಾಟಿಕೋಳಿ ಮೊಟ್ಟೆ, ಆಡಿನ ಹಾಲು, ಮೂರು ಬಗೆಯ ಪುಡಿ ಎಲ್ಲವನ್ನೂ ತಿನ್ನಿಸಿದ್ದರು. ಪುಡಿಗೆಂದು ಒಂದು ಜೊತೆ ಓಲೆ ಗಿರವಿಗೆ ಹೋಗಿತ್ತು. ಆತನಿಗೆ ಎರಡನೆಯ ಮದುವೆ ಮಾಡುವ ಮಾತೂ ನಡೆದಿತ್ತೆಂದು ಆಮೇಲೆ ತಿಳಿಯಿತು. ನಾನು ಇಬ್ಬರನ್ನೂ ಕೂರಿಸಿ ವಿಷಯ ಹೇಳಿದಾಗ ಆತ ನೆಲ ನೋಡುತ್ತ ಕುಳಿತರು. ಆಕೆ ಬಹಳ ಹೊತ್ತಿನ ಮೇಲೆ, “ಇದನ್ನು ನಮ್ಮತ್ತೆಗೂ ನೀವೇ ಹೇಳಬೇಕು ಡಾಕ್ಟ್ರೇ, ನಾನು ಹೇಳಿದರೆ ನಂಬೋದಿಲ್ಲ” ಎಂದರು. ಆತನೇ ತಲೆಯೆತ್ತಿ, “ಬೇಡ, ಅವ್ವನಿಗೆ ನಾನೇ ಹೇಳ್ತೀನಿ” ಎಂದರು. ಒಳಗೆ ಉಳಿದ ವೃಷಣದಲ್ಲಿ ಮುಂದೆ ಕ್ಯಾನ್ಸರ್ ಆಗುವ ಸಂಭವ ಇತರರಿಗಿಂತ ಹೆಚ್ಚು. ಆದುದರಿಂದ ಅವರನ್ನು ಜಿಲ್ಲಾ ಆಸ್ಪತ್ರೆಯ ಶಸ್ತ್ರವೈದ್ಯರ ಬಳಿಗೆ ಕಳುಹಿಸಿದೆ. ದಾನಿಯ ವೀರ್ಯಾಣುವಿನಿಂದ ಗರ್ಭಧಾರಣೆ, ಕಾನೂನುಬದ್ಧ ದತ್ತು ಸ್ವೀಕಾರ ಎಂಬ ಎರಡು ದಾರಿಗಳನ್ನೂ ತಿಳಿಸಿದೆ. ಅವರು ಯಾವುದನ್ನು ಆರಿಸಿಕೊಂಡರೆಂಬುದು ಅವರ ಮನೆಯ ವಿಚಾರ.

ಈ ಪುಸ್ತಿಕೆಯನ್ನು ಓದುತ್ತಿರುವ ನಿಮಗೆ ಗಂಡುಮಗುವಿದ್ದರೆ ಅಥವಾ ಮುಂದೆ ಹುಟ್ಟಿದರೆ, ಸ್ನಾನ ಮಾಡಿಸುವಾಗ ಚೀಲದಲ್ಲಿ ಎರಡೂ ವೃಷಣಗಳಿವೆಯೇ ಎಂದು ಮುಟ್ಟಿ ನೋಡಿ. ಆರು ತಿಂಗಳಾದರೂ ಇಳಿಯದಿದ್ದರೆ ಲಸಿಕೆಗೆ ಹೋದಾಗ ವೈದ್ಯರಿಗೆ ತೋರಿಸಿ. ಒಂದೂವರೆ ವರ್ಷದೊಳಗೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ಅದನ್ನು ಕೆಳಗಿಳಿಸಬಹುದು. ದೊಡ್ಡವನಾದ ಮೇಲೆ ತಾನಾಗಿಯೇ ಸರಿಹೋಗುತ್ತದೆಂದು ಕಾಯಬೇಡಿ.

ವೃಷಣದ ಮೇಲಿನ ರಕ್ತನಾಳಗಳು ಉಬ್ಬಿಕೊಳ್ಳುವುದು, ವೀರ್ಯಾಣು ಸಾಗುವ ನಾಳ ಸೋಂಕಿನಿಂದ ಮುಚ್ಚಿಹೋಗುವುದು, ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ವೃಷಣಕ್ಕೆ ಇಳಿಯುವುದು, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಇವೂ ಆಹಾರದಿಂದ ಮಾತ್ರ ಸರಿಯಾಗುವಂಥವಲ್ಲ. ಇವುಗಳಲ್ಲಿ ಕೆಲವಕ್ಕೆ ಒಳ್ಳೆಯ ಚಿಕಿತ್ಸೆಯಿದೆ.

ಪರೀಕ್ಷೆ

ಯಾವುದೇ ಗರ್ಭನಿರೋಧಕ ಬಳಸದೆ ಒಂದು ವರ್ಷ ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ ಇಬ್ಬರೂ ಪರೀಕ್ಷೆಗೆ ಬರಬೇಕು. ಪತ್ನಿಗೆ 35 ವರ್ಷ ದಾಟಿದ್ದರೆ ಆರು ತಿಂಗಳಿಗೇ ಬನ್ನಿ. ಹೆಣ್ಣಿಗೆ ವಯಸ್ಸು ಏರಿದಂತೆ ಗರ್ಭ ನಿಲ್ಲುವ ಸಂಭವ ಇಳಿಯುತ್ತದೆ, ಪುಡಿ ತಿನ್ನುತ್ತ ಕಳೆದ ವರ್ಷಗಳು ಆಕೆಯ ಲೆಕ್ಕದಿಂದಲೇ ಹೋಗುತ್ತವೆ. ಮುಟ್ಟು ಬರುವ ಸುಮಾರು ಹದಿನಾಲ್ಕು ದಿನ ಮೊದಲು ಅಂಡಾಣು ಬಿಡುಗಡೆಯಾಗುತ್ತದೆ. ಆ ದಿನ ಮತ್ತು ಅದರ ಹಿಂದಿನ ಐದು ದಿನಗಳು ಗರ್ಭ ನಿಲ್ಲಲು ಅನುಕೂಲವಾದವು. ದಿನ ಎಣಿಸುವುದು ಕಷ್ಟವೆನಿಸಿದರೆ ಎರಡು ಮೂರು ದಿನಗಳಿಗೊಮ್ಮೆ ಕೂಡಿದರೆ ಸಾಕು. ವೀರ್ಯ ಕೂಡಿಡಬೇಕೆಂದು ತಿಂಗಳುಗಟ್ಟಲೆ ದೂರವಿರುವುದರಿಂದ ಲಾಭವಿಲ್ಲ.

ಹೆಣ್ಣಿನ ಪರೀಕ್ಷೆಗಳಿಗೆ ಹೋಲಿಸಿದರೆ ವೀರ್ಯಪರೀಕ್ಷೆ ಬಹಳ ಸುಲಭ, ಸೂಜಿಯಿಲ್ಲ, ನೋವಿಲ್ಲ. ಅದನ್ನೇ ಮೊದಲು ಮಾಡಿಸುವುದು ನ್ಯಾಯ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗಳಲ್ಲಿ ಎಲ್ಲಿ ಮಾಡುತ್ತಾರೆಂಬುದನ್ನು ನಿಮ್ಮ ಆರೋಗ್ಯ ಕೇಂದ್ರದಲ್ಲಿ ಕೇಳಿ. ಪರೀಕ್ಷೆಗೆ ಮೊದಲು ಎರಡು ದಿನಕ್ಕೆ ಕಡಿಮೆಯಿಲ್ಲದಂತೆ, ಏಳು ದಿನಕ್ಕೆ ಮೀರದಂತೆ ಸಂಯೋಗದಿಂದ ದೂರವಿರಬೇಕು. ಪ್ರಯೋಗಾಲಯದವರು ಕೊಟ್ಟ ಡಬ್ಬಿಯಲ್ಲಿಯೇ ಪೂರ್ತಿ ವೀರ್ಯವನ್ನು ಸಂಗ್ರಹಿಸಬೇಕು. ನಿರೋಧದಲ್ಲಿ ತರಬಾರದು, ಅದರ ಲೇಪನದಿಂದ ವೀರ್ಯಾಣುಗಳು ಸಾಯುತ್ತವೆ. ಸಾಧ್ಯವಾದರೆ ಆಸ್ಪತ್ರೆಯಲ್ಲಿಯೇ ಕೊಡಿ. ಮನೆಯಿಂದ ತರುವುದಾದರೆ ಡಬ್ಬಿಯನ್ನು ಅಂಗಿಯೊಳಗೆ ಮೈಗೆ ತಾಗಿಸಿಕೊಂಡು, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತಲುಪಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿನಲ್ಲಿ 1 ಕೋಟಿ 60 ಲಕ್ಷ ವೀರ್ಯಾಣುಗಳು, ಅವುಗಳಲ್ಲಿ ನೂರಕ್ಕೆ 42 ಚಲಿಸುವಂಥವು ಇರುವುದು ಕೆಳಗಿನ ಮಿತಿ. ಇದಕ್ಕಿಂತ ಕಡಿಮೆ ಬಂದರೆ ಮಕ್ಕಳಾಗುವುದೇ ಇಲ್ಲವೆಂದಲ್ಲ. ತಡವಾಗಬಹುದು, ನೆರವು ಬೇಕಾಗಬಹುದು. ಇತ್ತೀಚೆಗೆ ಜ್ವರ ಬಂದಿದ್ದರೆ ಅದನ್ನು ಮೊದಲೇ ತಿಳಿಸಿ. ಒಂದೇ ಪರೀಕ್ಷೆಯಿಂದ ತೀರ್ಮಾನಿಸುವುದಿಲ್ಲ; ಎಣಿಕೆ ಕಡಿಮೆಯಿದ್ದರೆ ಕೆಲವು ವಾರಗಳ ಮೇಲೆ ಮತ್ತೊಮ್ಮೆ ಮಾಡುತ್ತಾರೆ. ವರದಿ ತೆಗೆದುಕೊಳ್ಳಲು ಬರುವ ದಿನ ಇಬ್ಬರೂ ಬನ್ನಿ. ಅಷ್ಟರವರೆಗೆ ನೀವು ಏನೇನು ಪುಡಿ, ಮಾತ್ರೆ ಸೇವಿಸಿದ್ದೀರೋ ಅವುಗಳ ಡಬ್ಬಿಗಳನ್ನೂ ಸಂಕೋಚವಿಲ್ಲದೆ ಜೊತೆಗೆ ತನ್ನಿ.